ಐದು ಪದರದ ಕೌದಿ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳದ ಬಳಿ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಬುಡದಲ್ಲಿ ನಮ್ಮ ವಾಹನ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳು ಬಸ್ಸಿನಿಂದ ಇಳಿಯುತ್ತಲೇ ಕೈ ಉಜ್ಜಿಕೊಳ್ಳುವುದನ್ನು ಅಲ್ಲಿ ನೋಡಬಹುದು. ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು. ಬೆಟ್ಟದ ಎತ್ತರ 1454 ಮೀಟರು. ಗುಂಡ್ಲುಪೇಟೆ ಇರುವುದು ಸುಮಾರು 800 ಮೀಟರು ಎತ್ತರದಲ್ಲಿ. ಮೇಲೆ ಹೋದಂತೆ ಪ್ರತಿ 1000 ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬ ಪಾಠದ ಲೆಕ್ಕವನ್ನು ಇಲ್ಲಿಗೆ ಹಾಕಿ ನೋಡಿ. ನಾಲ್ಕು ಡಿಗ್ರಿಗೂ ಸ್ವಲ್ಪ ಹೆಚ್ಚೇ ವ್ಯತ್ಯಾಸ ಬರುತ್ತದೆ. ಅದರ ಮೇಲೆ ಗಾಳಿ ಬೇರೆ. ಚಳಿಯಾಗದೆ ಇನ್ನೇನು?

ಇಂಥ ಪ್ರವಾಸಕ್ಕೆ ಹೊರಡುವಾಗ ಸ್ವೆಟರ್, ಟೋಪಿ ನೆನಪಾಗುತ್ತವೆ. ಮನೆಯ ಅಟ್ಟದಲ್ಲಿ ಮಡಿಸಿಟ್ಟ ಅಜ್ಜಿಯ ಕೌದಿ ನೆನಪಾಗುವುದು ಕಡಿಮೆ. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ಹೊದೆಯಲು, ರಾತ್ರಿ ಓದುವಾಗ ಹೆಗಲಿಗೆ ಸುತ್ತಿಕೊಳ್ಳಲು, ನೆಲದ ಮೇಲೆ ಹಾಸಿ ಕೂರಲು ಅದಕ್ಕಿಂತ ಒಳ್ಳೆಯದು ಸಿಗಲಾರದು. ಈ ವಾರ ಅಂಥದೊಂದು ಸಣ್ಣ ಕೌದಿಯನ್ನು ಮನೆಯಲ್ಲೇ ಹೊಲಿಯುವ ಬಗೆ ತಿಳಿಯೋಣ. ಅಳತೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ. ಬೇಕಾಗುವುದು ಒಂದು ಹಳೆಯ ಹತ್ತಿ ಸೀರೆ, ನಾಲ್ಕಾರು ಹಳೆಯ ಶರಟು, ಲಂಗ, ಪಂಚೆಗಳು, ಸೂಜಿ, ದಾರ ಮತ್ತು ತಾಳ್ಮೆ.

ಕೌದಿ ಬೆಚ್ಚಗಿರುವುದು ಹೇಗೆ?

ಬಟ್ಟೆ ಬಿಸಿಯನ್ನು ಹುಟ್ಟಿಸುವುದಿಲ್ಲ. ನಮ್ಮ ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಆ ಕೆಲಸ ಮಾಡುವುದು ಕೂಡ ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ನಿಂತ ಗಾಳಿಯಲ್ಲಿ ಶಾಖ ಬೇಗ ಹರಿಯುವುದಿಲ್ಲ. ಆದ್ದರಿಂದಲೇ ತೆಳ್ಳನೆಯ ಐದು ಪದರ ಸೇರಿದಾಗ ದಪ್ಪ ಬಟ್ಟೆಯೊಂದಕ್ಕಿಂತ ಹೆಚ್ಚು ಬೆಚ್ಚಗಿರುವುದುಂಟು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಹಳೆ ಪಂಚೆಯ ಒಂದೇ ಸುತ್ತು, ಇನ್ನೊಂದಕ್ಕೆ ಐದು ಸುತ್ತು ಸುತ್ತಿ. ಮೂರನೆಯದಕ್ಕೂ ಐದೇ ಸುತ್ತು, ಆದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ. ಮೂರಕ್ಕೂ ಸಮನಾಗಿ ಬಿಸಿನೀರು ಹಾಕಿ ಮೇಲೆ ತಟ್ಟೆ ಮುಚ್ಚಿ. (ಬಿಸಿನೀರು ಹಾಕುವ ಕೆಲಸ ದೊಡ್ಡವರದು.) 20 ನಿಮಿಷದ ನಂತರ ಮುಟ್ಟಿ ನೋಡಿ, ಥರ್ಮಾಮೀಟರ್ ಇದ್ದರೆ ಅಳೆಯಿರಿ. ಒಣಗಿದ ಐದು ಸುತ್ತಿನ ಲೋಟ ಗೆಲ್ಲುತ್ತದೆ. ಒದ್ದೆ ಬಟ್ಟೆಯ ಲೋಟ ಬೇಗ ಆರುತ್ತದೆ, ಏಕೆಂದರೆ ಗಾಳಿಯ ಜಾಗದಲ್ಲಿ ನೀರು ತುಂಬಿದೆ, ಅದು ಆವಿಯಾಗುತ್ತಾ ಬಿಸಿಯನ್ನೂ ಒಯ್ಯುತ್ತಿದೆ.

ಗೋಪಾಲಸ್ವಾಮಿ ಬೆಟ್ಟದಂಥ ಕಡೆ ಇದನ್ನು ನೆನಪಿಡಬೇಕು. ಮಂಜಿನಲ್ಲಿ ಹೊದ್ದು ತಿರುಗಿದರೆ ಹತ್ತಿ ಕೌದಿ ತೇವವಾಗಿ ಬಿಸಿ ಕಳೆದುಕೊಳ್ಳುತ್ತದೆ. ಬಯಲಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕೌದಿ ಇರುವುದಿಲ್ಲ, ಕರಿ ಕಂಬಳಿ ಇರುತ್ತದೆ. ಉಣ್ಣೆ ತುಸು ನೆನೆದರೂ ಬೆಚ್ಚಗಿರುತ್ತದೆ. ಹೊರಗೆ ಕಂಬಳಿ, ಒಳಗೆ ಕೌದಿ ಎಂಬ ವಿಂಗಡಣೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಮಾಡಿಕೊಂಡಿದ್ದರು.

ಎಲ್ಲೆಲ್ಲಿ ಕೌದಿ?

ಹಳೆ ಬಟ್ಟೆಯನ್ನು ಪದರ ಪದರವಾಗಿ ಹೊಲಿದು ಹೊದೆಯುವುದು ನಾಡಿನ ಎಲ್ಲ ಭಾಗಗಳಲ್ಲೂ ಇತ್ತು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೌದಿ ಮನೆಮಾತು. ಕೂಸಿನ ತೊಟ್ಟಿಲಿಗೆ, ಬಾಣಂತಿಯ ಹಾಸಿಗೆಗೆ ಕೌದಿಯೇ ಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದೇ ಬಳಗಕ್ಕೆ ಸೇರಿದವು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳಂತೂ ಹೊರದೇಶಗಳಲ್ಲೂ ಹೆಸರು ಮಾಡಿವೆ. ಆಫ್ರಿಕಾ ಮೂಲದ ಈ ಜನರ ಕೌದಿಗೆ ಕವಂದಿ ಎಂಬ ಹೆಸರಿದೆ. ಅವರು ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ತುಂಡು ಬಟ್ಟೆಗಳನ್ನು ಇಡುತ್ತಾ, ಅಂಚು ಮಡಿಸುತ್ತಾ, ಎಲ್ಲ ಪದರಗಳನ್ನೂ ಒಟ್ಟಿಗೇ ಹೊಲಿಯುತ್ತಾ ಸುತ್ತಲೂ ಬಂದು ಕೊನೆಗೆ ನಡುವಿಗೆ ಸೇರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಇಟ್ಟ ‘ಫೂಲ’, ಅಂದರೆ ಹೂವು ಇರಬೇಕು. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಪೂರ್ತಿಯಾದದ್ದಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರದೇ ಸಹಕಾರಿ ಗುಂಪೊಂದು ರೂಪುಗೊಳ್ಳಲು ಅವರು ನೆರವಾದರು.

ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನಾಂಗದ ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ದೊಡ್ಡ ಕಲಾ ಸಂಗ್ರಹಾಲಯಗಳ ಗೋಡೆ ಏರಿದವು. 2006ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳೂ ಬಂದವು. ಚಳಿಗೆಂದು ಹೊಲಿದದ್ದನ್ನು ಲೋಕ ಕಲೆಯೆಂದು ಗುರುತಿಸಲು ಬಹಳ ಕಾಲ ಹಿಡಿಯಿತು.

ಕತ್ತರಿಗೆ ಮೊದಲು

ಬಟ್ಟೆ ಆಯುವಾಗ ಮೊದಲ ನಿಯಮ: ಕೇಳಿ ತೆಗೆದುಕೊಳ್ಳಿ. ಅಮ್ಮನ ಪೆಟ್ಟಿಗೆಯ ತಳದ ಸೀರೆ ನಿಮಗೆ ಹಳೆಯದಾಗಿ ಕಾಣಬಹುದು, ಅವರಿಗೆ ಅದು ತವರಿನದಾಗಿರಬಹುದು. ತೀರಿಕೊಂಡ ಹಿರಿಯರ ಬಟ್ಟೆಯಿದ್ದರೆ ಮನೆಯವರೆಲ್ಲ ಒಪ್ಪಿದ ಮೇಲೆ ಕತ್ತರಿಸಿ. ಒಪ್ಪಿದರೆ ಅಂಥ ಬಟ್ಟೆಗೆ ಕೌದಿಗಿಂತ ಒಳ್ಳೆಯ ಜಾಗವಿಲ್ಲ. ಪೆಟ್ಟಿಗೆಯಲ್ಲಿದ್ದರೆ ಹುಳು ಹಿಡಿಯುತ್ತದೆ, ಕೌದಿಯಲ್ಲಿದ್ದರೆ ದಿನವೂ ಕೈಗೆ ಸಿಗುತ್ತದೆ.

ಎರಡನೆಯದು, ಹತ್ತಿಯ ಜತೆ ಹತ್ತಿಯನ್ನೇ ಸೇರಿಸಿ. ನೈಲಾನ್, ಪಾಲಿಯೆಸ್ಟರ್ ಬೆರೆತರೆ ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ, ಕೌದಿ ಸುರುಟುತ್ತದೆ. ಗುರುತು ಸಿಗದಿದ್ದರೆ ದೊಡ್ಡವರು ಒಂದೆರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಲಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹಿಗ್ಗುವ ಬನಿಯನ್ ಬಟ್ಟೆ, ದಪ್ಪ ಜೀನ್ಸ್, ಟರ್ಕಿ ಟವೆಲು ಮೊದಲ ಕೌದಿಗೆ ಬೇಡ. ಬೆಳಕಿಗೆ ಹಿಡಿದು ನೋಡಿದಾಗ ಎಳೆ ಬಿಟ್ಟುಕೊಂಡ ಜಾಗವನ್ನೂ ಬಿಟ್ಟುಬಿಡಿ.

ಮೂರನೆಯದು, ಎಲ್ಲವನ್ನೂ ಮೊದಲೇ ಒಗೆಯಿರಿ. ಗಂಜಿ ಹೋಗಬೇಕು, ಕುಗ್ಗುವುದು ಈಗಲೇ ಕುಗ್ಗಬೇಕು. ಕೆಂಪು, ಕಡುನೀಲಿ ಬಟ್ಟೆಗಳನ್ನು ಬೇರೆಯಾಗಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಿ. ಎರಡು ಮೂರು ಸಲ ಒಗೆದರೂ ಬಿಡುತ್ತಿದ್ದರೆ ಅದನ್ನು ತೆಗೆದಿಡಿ. ಒಣಗಿದ ಮೇಲೆ ಇಸ್ತ್ರಿ ಮಾಡಿ.

ತಳ ಮತ್ತು ಮೇಲ್ಮೈ

ಸಾಮಾನ್ಯ ಹತ್ತಿ ಸೀರೆಯ ಉದ್ದ ಸುಮಾರು 5 ಮೀಟರು, ಅಗಲ ಸುಮಾರು 115 ಸೆಂ.ಮೀ. ಎರಡೂ ಬದಿಯ ಅಂಚನ್ನು ಸುಮಾರು 11 ಸೆಂ.ಮೀ.ನಷ್ಟು ಉದ್ದಕ್ಕೆ ಕತ್ತರಿಸಿ ತೆಗೆದರೆ 93 ಸೆಂ.ಮೀ. ಅಗಲದ ಬಟ್ಟೆ ಉಳಿಯುತ್ತದೆ. ಅದನ್ನು ಉದ್ದದಲ್ಲಿ ನಾಲ್ಕು ಪದರವಾಗಿ ಮಡಿಸಿ. 125 ಸೆಂ.ಮೀ. ಉದ್ದದ, ನಾಲ್ಕು ಪದರದ ತಳ ಸಿದ್ಧ. ಸೆರಗು ಚೆನ್ನಾಗಿದ್ದರೆ ಅದು ಅಡಿಯಲ್ಲಿ ಬರುವಂತೆ ಮಡಿಸಿ, ಹಿಂಬದಿಗೂ ಅಂದ ಬರುತ್ತದೆ. ಕತ್ತರಿಸಿದ ಅಂಚುಗಳನ್ನು ಎಸೆಯಬೇಡಿ.

ಐದನೆಯ ಪದರವೇ ಮೇಲಿನ ತುಂಡುಗಳ ಜೋಡಣೆ. 15 ಸೆಂ.ಮೀ. ಚೌಕಗಳನ್ನು ಅಡ್ಡಕ್ಕೆ 6, ಉದ್ದಕ್ಕೆ 8 ಜೋಡಿಸಿದರೆ ಸರಿಯಾಗಿ 90ಕ್ಕೆ 120. ಒಟ್ಟು 48 ಚೌಕ. ನಾಲ್ಕು ಬದಿಗೂ ಹೊಲಿಗೆಗೆ ಒಂದೊಂದು ಸೆಂ.ಮೀ. ಬೇಕಾದ್ದರಿಂದ ಕತ್ತರಿಸುವುದು 17 ಸೆಂ.ಮೀ. ಚೌಕ. ಮದುವೆ ಕಾಗದದ ರಟ್ಟಿನಲ್ಲಿ 17ರ ಒಂದು, 15ರ ಒಂದು ಚೌಕ ಮಾಡಿಕೊಳ್ಳಿ. ಮೊದಲನೆಯದನ್ನಿಟ್ಟು ಕತ್ತರಿಸುವ ಗೆರೆ, ಎರಡನೆಯದನ್ನು ನಡುವೆ ಇಟ್ಟು ಹೊಲಿಯುವ ಗೆರೆ ಎಳೆಯಿರಿ. ಪೆನ್ನು ಬೇಡ, ಪೆನ್ಸಿಲ್ ಇಲ್ಲವೇ ದರ್ಜಿಗಳ ಸೀಮೆಸುಣ್ಣ ಸಾಕು. ಚೌಕದ ಬದಿ ಬಟ್ಟೆಯ ನೇರ ಎಳೆಗೆ ಹೊಂದಿರಲಿ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದತ್ತ ಹಿಗ್ಗುತ್ತದೆ. ದೊಡ್ಡವರ ಶರಟಿನ ಬೆನ್ನಿನ ಭಾಗದಿಂದಲೇ ಏಳೆಂಟು ಚೌಕ ಸಿಗುತ್ತವೆ. ಬಟ್ಟೆ ಸಾಲದಿದ್ದರೆ ಪರಿಚಯದ ದರ್ಜಿ ಅಂಗಡಿಯಲ್ಲಿ ಕೇಳಿ, ಅವರಿಗೆ ಬೇಡವಾದ ತುಂಡುಗಳು ಮೂಟೆಯಷ್ಟಿರುತ್ತವೆ.

ಹೊಲಿಯುವ ಮೊದಲು 48 ಚೌಕಗಳನ್ನೂ ನೆಲದ ಮೇಲೆ ಹರಡಿ. ದೂರ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿ. ಕಡುಬಣ್ಣಗಳೆಲ್ಲ ಒಂದೇ ಕಡೆ ಗುಂಪಾಗಿದ್ದರೆ ಆಗ ಗೊತ್ತಾಗುತ್ತದೆ. ಕಡು, ತಿಳಿ ಒಂದು ಬಿಟ್ಟು ಒಂದು ಬಂದರೆ ಸಾಧಾರಣ ಬಟ್ಟೆಗಳೂ ಎದ್ದು ಕಾಣುತ್ತವೆ. ಒಪ್ಪಿಗೆಯಾದ ಮೇಲೆ ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗೆ ಚೀಟಿ ಚುಚ್ಚಿ ಎತ್ತಿಡಿ. ಮೊದಲು ಆರಾರು ಚೌಕಗಳ ಸಾಲು ಹೊಲಿದುಕೊಂಡು, ಆಮೇಲೆ ಸಾಲಿಗೆ ಸಾಲು ಸೇರಿಸಿ. ಒಳಗಿನ ಮಡಿಕೆಗಳನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಇಸ್ತ್ರಿ ಮಾಡಿದರೆ ಸಂದಿಗಳಲ್ಲಿ ಗಂಟು ಕಟ್ಟುವುದಿಲ್ಲ. ಈ ಜೋಡಣೆಗೆ ಹೊಲಿಗೆ ಯಂತ್ರ ಬಳಸಬಹುದು.

ಕಚ್ಚಾ ಹೊಲಿಗೆ ತಪ್ಪಿಸಬೇಡಿ

ನೆಲವನ್ನು ಒರೆಸಿ ತಳದ ಸೀರೆಯನ್ನು ಸುಕ್ಕಿಲ್ಲದೆ ಹಾಸಿ. ಮೇಲೆ ಜೋಡಿಸಿದ ಬಟ್ಟೆ ಇಡಿ. ನಡುವಿನಿಂದ ಹೊರಗೆ ಕೈಯಾಡಿಸಿ ಸುಕ್ಕು ತೆಗೆಯಿರಿ. ಗೇಣಿಗೊಂದು ಸೇಫ್ಟಿ ಪಿನ್ನು ಹಾಕಿ, ಆಮೇಲೆ ಬೇರೆ ಬಣ್ಣದ ದಾರದಲ್ಲಿ ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಕೊನೆಗೆ ಇದನ್ನು ಕಿತ್ತು ತೆಗೆಯುವುದೇ ಆದ್ದರಿಂದ ಹಲವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ಒಳಪದರ ಜರುಗಿ ಒಂದು ಕಡೆ ಉಬ್ಬು ನಿಲ್ಲುತ್ತದೆ, ಬಿಚ್ಚದೆ ಗತಿಯಿಲ್ಲ.

3600 ಹೊಲಿಗೆ

ಇನ್ನು ನಿಜವಾದ ಕೆಲಸ. ಸೂಜಿ ಗಟ್ಟಿಯಾಗಿ, ಸ್ವಲ್ಪ ಉದ್ದವಾಗಿರಲಿ. ಗೋಣಿಚೀಲ ಹೊಲಿಯುವ ದಬ್ಬಣ ಬೇಡ, ತೂತು ಉಳಿಯುತ್ತದೆ. ದಾರ ದಪ್ಪನೆಯ ಹತ್ತಿಯದು. ಒಂದೂವರೆ ಮೀಟರು ಕತ್ತರಿಸಿ ಜೋಡಿ ಎಳೆ ಮಾಡಿಕೊಳ್ಳಿ. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ. ಜೇನುಮೇಣ ಅಥವಾ ಮೇಣದಬತ್ತಿಯ ಮೇಲೆ ಎಳೆದರೆ ನುಣುಪಾಗಿ ಹೋಗುತ್ತದೆ. ಸೂಜಿ ತಳ್ಳುವ ಬೆರಳಿಗೆ ದರ್ಜಿಗಳು ತೊಡುವ ಲೋಹದ ಟೋಪಿ ಹಾಕಿಕೊಳ್ಳಿ.

ಉದ್ದಕ್ಕೆ 3 ಸೆಂ.ಮೀ.ಗೊಂದು ಸಾಲು ಗೆರೆ ಎಳೆಯಿರಿ. ಮೊದಲ ಗೆರೆ ಬದಿಯಿಂದ ಒಂದೂವರೆ ಸೆಂ.ಮೀ. ಒಳಗಿರಲಿ. ಹೀಗೆ ಮಾಡಿದರೆ ಒಂದೊಂದು ಚೌಕಕ್ಕೂ ಐದೈದು ಸಾಲು ಬರುತ್ತವೆ, ಉದ್ದದ ಯಾವ ಸಾಲೂ ದಪ್ಪನೆಯ ಜೋಡಣೆಯ ಮೇಲೆಯೇ ಓಡುವುದಿಲ್ಲ. ಸಾಲುಗಳು ತೀರ ಹತ್ತಿರವಾದರೆ ಗಾಳಿಗೆ ಜಾಗವಿಲ್ಲದೆ ಕೌದಿ ಹಲಗೆಯಂತಾಗುತ್ತದೆ. ತೀರ ದೂರವಾದರೆ ಒಗೆದಾಗ ಪದರಗಳು ಮುದ್ದೆಯಾಗುತ್ತವೆ.

ಸಿದ್ದಿ ಹೆಂಗಸರಂತೆ ಬದಿಯಿಂದ ಒಳಗೆ ಸುತ್ತಿ ಬರಲು ಕೈ ಪಳಗಿರಬೇಕು. ಹೊಸಬರು ನಡುಸಾಲಿನಿಂದ ಆರಂಭಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಗೆ ಸಾಗಲಿ. ಸುಕ್ಕಿದ್ದರೆ ಹೊರಗೆ ತಳ್ಳಿಹೋಗುತ್ತದೆ. ದಾರದ ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ. ಸೂಜಿ ಐದೂ ಪದರ ದಾಟಿ ಕೆಳಗೆ ಬಂತೇ ಎಂದು ಎಡಗೈ ಬೆರಳು ಅಡಿಯಿಂದ ನೋಡುತ್ತಿರಲಿ. ಅರ್ಧ ಸೆಂ.ಮೀ. ಹೊಲಿಗೆ, ಅರ್ಧ ಸೆಂ.ಮೀ. ಬಿಡುವು. ದಾರ ಬಿಗಿಯಾಗಿ ಎಳೆಯಬೇಡಿ, ಬಟ್ಟೆ ನೆರಿಗೆಗಟ್ಟುತ್ತದೆ. ಎಲ್ಲ ಹೊಲಿಗೆಯೂ ಒಂದೇ ಅಳತೆಯಲ್ಲಿದ್ದರೆ ಸಾಕು, ಅತಿ ಸಣ್ಣದಿರಬೇಕೆಂದಿಲ್ಲ.

ಈಗ ಲೆಕ್ಕ. 90 ಸೆಂ.ಮೀ. ಅಗಲಕ್ಕೆ 30 ಸಾಲು. ಒಂದೊಂದು ಸಾಲು 120 ಸೆಂ.ಮೀ. ಒಟ್ಟು 36 ಮೀಟರು ಹೊಲಿಗೆ. ಸೆಂ.ಮೀ.ಗೆ ಒಂದರಂತೆ 3600 ಹೊಲಿಗೆ. ಒಂದು ಸಾಲಿಗೆ ದಾರದ ಎರಡು ತುಂಡು, ಅಂದರೆ 3 ಮೀಟರು, ಒಟ್ಟು 90 ಮೀಟರು ದಾರ. ಇದೇ ಕೌದಿಯನ್ನು ಸಿದ್ದಿ ಕ್ರಮದಲ್ಲಿ ಸುತ್ತುಸುತ್ತಾಗಿ ಹೊಲಿದರೆ ಎಷ್ಟು ಮೀಟರು ಆದೀತು? ವಿಸ್ತೀರ್ಣವನ್ನು ಸಾಲುಗಳ ನಡುವಿನ ಅಂತರದಿಂದ ಭಾಗಿಸಿ ನೋಡಿ. ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಏಕೆಂದು ಯೋಚಿಸುವುದು ಗಣಿತ ಓದುವವರಿಗೆ ಬಿಟ್ಟದ್ದು.

ದಿನಕ್ಕೆ ಎರಡು ಸಾಲಿನಂತೆ 15 ದಿನ. ದಸರಾ ಅಥವಾ ಬೇಸಿಗೆ ರಜೆಗೆ ಹೇಳಿ ಮಾಡಿಸಿದ ಕೆಲಸ.

ಅಂಚು, ಮೂಲೆ, ಆರೈಕೆ

ಹೆಚ್ಚಾದ ಬಟ್ಟೆಯನ್ನು ಸಮಮಾಡಿ ಕತ್ತರಿಸಿ. ಸುತ್ತಳತೆ 420 ಸೆಂ.ಮೀ. ನೀವು ತೆಗೆದಿಟ್ಟ ಸೀರೆಯ ಅಂಚು 5 ಮೀಟರಿದೆ, ಒಂದೇ ಸಾಕು. ಅದನ್ನು ಉದ್ದಕ್ಕೆ ಮಡಿಸಿ ಕೌದಿಯ ಬದಿಗೆ ಮುಚ್ಚಿದಂತೆ ಹೊಲಿಯಿರಿ. ಜರಿ ಇದ್ದರೆ ಚುಚ್ಚುತ್ತದೆ, ಅದನ್ನು ಬಿಟ್ಟು ಬರಿಯ ಹತ್ತಿಯ ಭಾಗ ಬಳಸಿ. ಉಳಿದ ತುಂಡಿನಲ್ಲಿ ನಾಲ್ಕು ಸಣ್ಣ ಚೌಕ ಕತ್ತರಿಸಿ ತ್ರಿಕೋನವಾಗಿ ಎರಡು ಸಲ ಮಡಿಸಿ ಮೂಲೆಗಳಿಗೆ ಹಚ್ಚಿದರೆ ಹೂವು ಬಂದಂತಾಯಿತು. ಮೂಲೆಯೇ ಮೊದಲು ಸವೆಯುವ ಜಾಗ, ಹೂವು ಅದಕ್ಕೆ ರಕ್ಷೆಯೂ ಹೌದು. ಕೊನೆಗೆ ಕಚ್ಚಾ ಹೊಲಿಗೆ, ಪಿನ್ನುಗಳನ್ನು ತೆಗೆಯಿರಿ. ಎಷ್ಟು ಸೂಜಿ, ಪಿನ್ನು ತೆಗೆದುಕೊಂಡಿರೋ ಅಷ್ಟೇ ಹಿಂದಿರುಗಿವೆಯೇ ಎಂದು ಪ್ರತಿದಿನ ಎಣಿಸುವುದು ಕಡ್ಡಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು.

ಕೌದಿಯನ್ನು ಪದೇ ಪದೇ ಒಗೆಯಬೇಕಿಲ್ಲ. ಆಗಾಗ ಬಿಸಿಲಿಗೆ ಹಾಕಿ ಕೊಡವಿ. ಒಗೆದಾಗ ಹಿಂಡಿ ತಿರುಚಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿ ಭಾರವಾಗಿರುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ, ಎರಡು ಹಗ್ಗಗಳ ಮೇಲೆ ಹರಡಿ. ಪೂರ್ತಿ ಒಣಗಿದ ಮೇಲೆ ಮಡಿಸಿ, ನಡುವೆ ಒಣಗಿದ ಬೇವಿನೆಲೆ ಇಡಿ. ಒಂದು ಚೌಕ ಹರಿದರೆ ಅದರ ಮೇಲೆ ಇನ್ನೊಂದು ಹಚ್ಚಿ. ಹಾಗೆ ತೇಪೆಯಾಗುತ್ತಲೇ ಕೌದಿಯ ಆಯುಷ್ಯ ಬೆಳೆಯುತ್ತದೆ.

ಪೋಷಕರಿಗೆ ಎರಡು ಮಾತು

“ಓದುವ ಮಕ್ಕಳಿಗೆ ಇದೆಲ್ಲ ಏಕೆ?” ಎಂದು ಕೇಳುವವರಿದ್ದಾರೆ. ದಿನಕ್ಕೆ ಎರಡು ಸಾಲೆಂದರೆ ಒಂದು ಗಂಟೆ. ಆ ಒಂದು ಗಂಟೆ ಮಗು ಕಣ್ಣು, ಕೈ ಎರಡನ್ನೂ ಒಂದೇ ಕಡೆ ಇಡುತ್ತದೆ. 30 ಸಾಲು ಮುಗಿಸಿದ ಮಗುವಿಗೆ 30 ಪಾಠ ಮುಗಿಸುವ ದಾರಿಯೂ ತಿಳಿದಿರುತ್ತದೆ: ದಿನಕ್ಕೆ ಇಷ್ಟು, ಬಿಡದೆ. ಇದು ಹುಡುಗಿಯರ ಕೆಲಸ ಎನ್ನುವುದೂ ಬೇಡ. ಪೇಟೆಯ ದರ್ಜಿ ಅಂಗಡಿಗಳಲ್ಲಿ ಕೂತಿರುವವರಲ್ಲಿ ಗಂಡಸರೇ ಹೆಚ್ಚಲ್ಲವೇ? ಮನೆಯಲ್ಲಿ ಕೌದಿ ಹೊಲಿದು ಗೊತ್ತಿರುವ ಅಜ್ಜಿಯಿದ್ದರೆ ಮೊದಲ ಸಾಲು ಅವರಿಂದ ಹಾಕಿಸಿ. ಇಲ್ಲಿ ಬರೆದ ಅಳತೆಗಳನ್ನು ಅವರು ಗೇಣಿನಲ್ಲಿ, ಬೆರಳಿನಲ್ಲಿ ಹೇಳುತ್ತಾರೆ. ಆ ಅಳತೆ ಕಲಿಯಲು ಅವರ ಪಕ್ಕದಲ್ಲೇ ಕೂರಬೇಕು.

ಅಗ್ಗದ ಹೊದಿಕೆ ಅಂಗಡಿಯಲ್ಲಿ ಸಿಗುತ್ತದೆ, ಈ ಶ್ರಮ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಉತ್ತರ ಮಕ್ಕಳೇ ಲೆಕ್ಕ ಹಾಕಲಿ. ಹೊಸಬರಿಗೆ ಒಂದು ಸಾಲಿಗೆ ಅರ್ಧ ಗಂಟೆ ಎಂದರೆ 30 ಸಾಲಿಗೆ 15 ಗಂಟೆ. ಕತ್ತರಿಸುವುದು, ಜೋಡಿಸುವುದು, ಅಂಚು ಎಲ್ಲ ಸೇರಿದರೆ 25 ಗಂಟೆಗೂ ಮೇಲಾದೀತು. ನಿಮ್ಮ ಊರಿನ ಒಂದು ದಿನದ ಕೂಲಿ ಎಷ್ಟೆಂದು ಕೇಳಿ ತಿಳಿದು, ಎಂಟು ಗಂಟೆಗೆ ಒಂದು ದಿನದಂತೆ ಗುಣಿಸಿ. ಬಂದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ಇಂದಿಗೂ ಇದ್ದಾರೆ. ನಮ್ಮ ಸೀಮೆಯಲ್ಲಾಗಲಿ, ಹಳಿಯಾಳದ ಕಡೆಯಾಗಲಿ ಮುಂದೆ ಯಾರಾದರೂ ಕೈಯಲ್ಲಿ ಹೊಲಿದ ಕೌದಿಯನ್ನು ಮಾರಲು ಮುಂದಿಟ್ಟಾಗ, “ಹಳೆ ಬಟ್ಟೆ ತಾನೆ, ಕಡಿಮೆ ಮಾಡಿಕೊಳ್ಳಿ” ಎನ್ನುವ ಮೊದಲು ಆ ಚೀಟಿ ತೆಗೆದು ನೋಡಿ.